ಒಂದೇ ನಂಬರಿನ ಇಬ್ಬರು

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹಲ್ಲು ಮಾಡುವ ಲ್ಯಾಬಿತ್ತು. ಊರಿನ ದಂತವೈದ್ಯರು ಬಾಯಿಯ ಅಚ್ಚು ತೆಗೆದು ಇಲ್ಲಿಗೆ ಕಳಿಸುತ್ತಿದ್ದರು. ಇಲ್ಲಿನವರು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಗುಲಾಬಿ ಬಣ್ಣದ ಗಟ್ಟಿ ಸೆಟ್ಟು ಮಾಡಿ ವಾಪಸು ಕಳಿಸುತ್ತಿದ್ದರು. ಮೆಟ್ಟಿಲನ್ನು ಅರ್ಧ ಹತ್ತುವಷ್ಟರಲ್ಲಿ ಕೆಳಗಿನ ಚರ್ಮದ ವಾಸನೆ ಮುಗಿದು ಮೇಲಿನ ಪ್ಲಾಸ್ಟರಿನ ವಾಸನೆ ಶುರುವಾಗುತ್ತಿತ್ತು. ಬಾಗಿಲು ತೆರೆದರೆ ಮೇಜಿನ ಮೇಲೆ ಸಾಲಾಗಿ ಹಲ್ಲು ಕಿರಿಯುತ್ತ ಕೂತ ಬಿಳಿ ಬಾಯಿಗಳು. ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಲ್ಯಾಬಿನ ಯಜಮಾನರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಊರಿನಲ್ಲಿ ಹಲ್ಲು ಕಟ್ಟುವ ಕೆಲಸ ಬಲ್ಲವರಲ್ಲಿ ಬಹಳ ಮಂದಿ ಅವರ ಕೈಕೆಳಗೆ ಪಳಗಿದವರು, ಹಾಗಾಗಿ ಆ ಹೆಸರು. ಮಗನಿಗೆ ಈ ಕೆಲಸ ಒಗ್ಗಲಿಲ್ಲ. ಅವನು ಲಾರಿಗಳ ಸಾಗಾಣಿಕೆ ಕಂಪನಿಯೊಂದನ್ನು ಸೇರಿ ವಾರದಲ್ಲಿ ಮುಕ್ಕಾಲು ಪಾಲು ಬೇರೆ ಊರುಗಳಲ್ಲೇ ಇರುತ್ತಿದ್ದ. ಒಗ್ಗಿದ್ದು ಸೊಸೆಗೆ. ಮದುವೆಯಾಗಿ ಬಂದ ಹೊಸದರಲ್ಲಿ ಮಾವನಿಗೆ ಊಟದ ಡಬ್ಬಿ ತಂದುಕೊಡಲು ಬಂದವಳು, ಫೋನ್ ಎತ್ತಿ ಎತ್ತಿ, ಯಾವ ಕ್ಲಿನಿಕ್ಕಿನದು ಯಾವ ಸೆಟ್ಟು ಎಂದು ಕೇಳಿ ಕೇಳಿ, ಕೊನೆಗೆ ಆಫೀಸಿನ ಕುರ್ಚಿಯಲ್ಲೇ ಕೂತುಬಿಟ್ಟಳು.

ಆಗೆಲ್ಲ ಚೀಟಿಯದೇ ರಾಜ್ಯಭಾರ. ಒಂದೊಂದು ಅಚ್ಚಿನ ಡಬ್ಬಿಗೂ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಒಂದು ಚೀಟಿ. ನೀರು ತಾಗಿದರೆ ಚೀಟಿಯ ಮೇಲಿನ ಹೆಸರು ಕಣ್ಣೀರಿನ ಹಾಗೆ ಇಳಿದುಹೋಗುತ್ತಿತ್ತು. ‘ನಮ್ಮ ಸೆಟ್ಟು ಎಲ್ಲಿಗೆ ಬಂತು?’ ಎಂದು ಯಾರಾದರೂ ಕೇಳಿದರೆ ಸೊಸೆ ಫೋನನ್ನು ಮೇಜಿನ ಮೇಲಿಟ್ಟು ಮೂರು ಕೋಣೆ ಸುತ್ತಿ ಬರಬೇಕಿತ್ತು. ಮದುವೆಗೆ ಮುಂಚೆ ಅವಳು ಪಾರ್ಸೆಲ್ ಕಂಪನಿಯೊಂದರಲ್ಲಿದ್ದವಳು. ಅಲ್ಲಿ ಪ್ರತಿ ಪೆಟ್ಟಿಗೆಯ ವಿವರವೂ ಡೇಟಾಬೇಸಿನಲ್ಲಿರುತ್ತಿತ್ತು. ಕೇಳಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ನಮಗೂ ಅಂಥದ್ದೊಂದು ಬೇಕು ಎಂದು ಅವಳು ಮಾವನ ಕಿವಿಯ ಬಳಿ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಲೇ ಇದ್ದಳು. ಹಲ್ಲು ಇರಬೇಕಾದ್ದು ಬಾಯಲ್ಲಿ, ಕಂಪ್ಯೂಟರಿನಲ್ಲಲ್ಲ ಎಂದು ಮೇಷ್ಟ್ರು ಬಹಳ ದಿನ ತಳ್ಳಿಹಾಕಿದರು. ಕೊನೆಗೆ ಇಬ್ಬರು ಡಾಕ್ಟರುಗಳು ‘ನಿಮ್ಮಲ್ಲಿ ಕೊಟ್ಟ ಕೆಲಸ ಬಾವಿಗೆ ಬಿದ್ದ ಕೊಡದ ಹಾಗೆ’ ಎಂದು ಮುಖಕ್ಕೇ ಹೇಳಿದ ಮೇಲೆ ಒಪ್ಪಿದರು.

ವ್ಯಾಪಾರಸ್ಥರಿಗೆಂದೇ ಡೇಟಾಬೇಸ್ ಮಾರುವ ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದ. ಸಣಕಲು ಆಳು, ಮಾತಿಗೊಮ್ಮೆ ‘ಟೇಬಲ್’ ಅನ್ನುತ್ತಿದ್ದ. ಕ್ಲಿನಿಕ್ಕುಗಳಿಗೆ ಒಂದು ಟೇಬಲ್, ರೋಗಿಗಳಿಗೆ ಒಂದು, ಕೆಲಸಗಳಿಗೆ ಒಂದು, ಮೂರಿದ್ದರೆ ಸಾಕು ಎಂದ. ಮೇಷ್ಟ್ರು ಕೋಣೆಯ ಉದ್ದಗಲ ನೋಡಿ, ಇರುವ ಮೇಜುಗಳಿಗೇ ಕಾಲಿಡಲು ಜಾಗವಿಲ್ಲ, ಇನ್ನು ಮೂರನ್ನು ಎಲ್ಲಿ ಹಾಕುತ್ತೀರಿ ಎಂದು ಚಿಂತೆಯಿಂದ ಕೇಳಿದರು. ಪ್ಲಾಸ್ಟರ್ ಕಲಸುತ್ತಿದ್ದವರೆಲ್ಲ ನಕ್ಕರು. ಅಂದಿನಿಂದ ಅವನು ಲ್ಯಾಬಿನವರ ಬಾಯಲ್ಲಿ ಟೇಬಲ್ ಸಾರ್ ಆದ.

ಟೇಬಲ್ ಎಂದರೆ ಅಡ್ಡ ಸಾಲು, ಕಂಬ ಸಾಲು ಎಳೆದ ಪಟ್ಟಿ ಅಷ್ಟೆ, ಒಂದು ಪಟ್ಟಿಯಲ್ಲಿರುವುದಕ್ಕೂ ಇನ್ನೊಂದರಲ್ಲಿರುವುದಕ್ಕೂ ಸಂಬಂಧ ಕಟ್ಟುವುದೇ ಇದರ ಮುಖ್ಯ ಕೆಲಸ ಎಂದು ಅವನು ವಿವರಿಸಿದ. ಅದಕ್ಕೆ ಪ್ರತಿಯೊಬ್ಬ ರೋಗಿಗೂ ಇನ್ನೊಬ್ಬರಿಗೆ ಇಲ್ಲದಂಥ ಒಂದು ಗುರುತು ಬೇಕು. ಒಂದೇ ಹೆಸರಿನವರು ಊರ ತುಂಬ ಇರುವುದರಿಂದ ಹೆಸರು ನಡೆಯುವುದಿಲ್ಲ. ಲ್ಯಾಬಿನಿಂದಲೇ ಒಂದೊಂದು ಹೊಸ ನಂಬರು ಕೊಡೋಣವೇ ಎಂದು ಕೇಳಿದ. ಸೊಸೆಗೆ ಅದು ಸುತ್ತುಬಳಸಿನ ದಾರಿ ಅನ್ನಿಸಿತು. ಕ್ಲಿನಿಕ್ಕಿನವರಿಗೆ ತಮ್ಮ ಕೆಲಸವೇ ಹೊರಲಾರದಷ್ಟಿರುವಾಗ ಈ ನಂಬರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ರೋಗಿಯ ಮೊಬೈಲ್ ನಂಬರೇ ಗುರುತಾಗಲಿ ಎಂದಳು.

“ಇಬ್ಬರಿಗೆ ಒಂದೇ ನಂಬರ್ ಇದ್ರೆ, ಮೇಡಂ?”

“ಈ ಕಾಲದಲ್ಲಿ ಯಾರ ಹತ್ರ ಮೊಬೈಲ್ ಇಲ್ಲ ಹೇಳಿ? ಒಬ್ಬೊಬ್ಬರ ಜೇಬಲ್ಲಿ ಎರಡೆರಡಿವೆ.”

ಅವನು ಮತ್ತೆ ಕೇಳಲಿಲ್ಲ. ಅವಳು ಇನ್ನೊಂದು ನಿಯಮವನ್ನೂ ಹಾಕಿಸಿದಳು. ಕ್ಲಿನಿಕ್ಕಿನವರು ಒಮ್ಮೊಮ್ಮೆ ಒಂದೇ ಕೆಲಸವನ್ನು ಎರಡು ಸಲ ಬರೆದು ಕಳಿಸುತ್ತಿದ್ದರು. ಆದ್ದರಿಂದ ಒಂದೇ ನಂಬರಿನಿಂದ ಅದೇ ಕೆಲಸ ಮತ್ತೆ ಬಂದರೆ, ಎರಡನೆಯದನ್ನು ತಿದ್ದುಪಡಿ ಎಂದು ತಿಳಿದು ಮೊದಲನೆಯದರ ಜಾಗದಲ್ಲಿ ಕೂರಿಸಬೇಕು. ಅದೂ ಆಯಿತು.

ಹೊಸ ವ್ಯವಸ್ಥೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಫೋನ್ ಬಂದರೆ ಸೊಸೆ ಕೂತಲ್ಲಿಂದಲೇ ಉತ್ತರ ಹೇಳುತ್ತಿದ್ದಳು. ಡಬ್ಬಿಗಳ ಮೇಲೆ ಚೀಟಿಯ ಬದಲು ನಂಬರು ಅಚ್ಚಾದ ಸ್ಟಿಕ್ಕರು ಬಂತು. ಬಾವಿಯ ಮಾತಾಡಿದ್ದ ಡಾಕ್ಟರುಗಳಲ್ಲಿ ಒಬ್ಬರೇ ಇನ್ನೊಬ್ಬ ಡಾಕ್ಟರನ್ನು ಕಳಿಸಿದರು. ಮೇಷ್ಟ್ರು ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ಬಂದವರಿಗೆಲ್ಲ ಕಂಪ್ಯೂಟರ್ ಇದ್ದ ಮೂಲೆಯನ್ನು ತೋರಿಸುವುದು ಮಾತ್ರ ತಪ್ಪಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದು ಇನ್ನೂ ಕಸ ಗುಡಿಸುತ್ತಿದ್ದಾಗ ಡಾಕ್ಟರಮ್ಮನ ಫೋನ್ ಬಂತು. ಸಂತೆಪೇಟೆಯ ಹಿಂದೆ ಕ್ಲಿನಿಕ್ಕಿಟ್ಟಿದ್ದ ಆಕೆ ಲ್ಯಾಬಿಗೆ ಹಳೆಯ ಪರಿಚಯ. ದನಿಯಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು. ಒಬ್ಬ ಅಜ್ಜ, ಒಬ್ಬ ಅಜ್ಜಿ, ಗಂಡಹೆಂಡತಿ, ಎರಡು ಬಸ್ಸು ಬದಲಿಸಿ ಬಂದು ಕೂತಿದ್ದಾರೆ. ಇಬ್ಬರಿಗೂ ಪೂರ್ತಿ ಸೆಟ್ಟು ಬರಬೇಕಿತ್ತು, ಬಂದಿರುವುದು ಅಜ್ಜಿಯ ಹೆಸರಿನ ಒಂದೇ ಪೊಟ್ಟಣ. ಅದರಲ್ಲೂ ಮೇಲಿನ ಹಲ್ಲು ಅಚ್ಚಿಗೆ ಹೊಯ್ದಂತೆ ಕೂತಿದೆ, ಕೆಳಗಿನದು ಅಜ್ಜಿಯ ಬಾಯೊಳಗೆ ಹೋಗುವುದೇ ಇಲ್ಲ. ಮತ್ತೆ ಅಚ್ಚು ತೆಗೆಯಬೇಕೇನೋ ಎಂದದ್ದಕ್ಕೆ ಅಜ್ಜಿ ಅತ್ತೇಬಿಟ್ಟರಂತೆ. ಹೋದ ಸಲ ಅಚ್ಚಿನ ಅಂಟು ಗಂಟಲಿಗೆ ತಾಗಿ ಆಕೆಗೆ ಪ್ರಾಣ ಹೋಗಿ ಬಂದಂತಾಗಿತ್ತು. ಇನ್ನೊಮ್ಮೆ ಅದನ್ನು ಬಾಯಿಗಿಟ್ಟರೆ ಹಲ್ಲೇ ಬೇಡ, ಗಂಜಿ ಕುಡಿದುಕೊಂಡೇ ಇರುತ್ತೇನೆ ಎಂದು ಹಟ ಹಿಡಿದಿದ್ದಾರೆ.

ಸೊಸೆ ಅಜ್ಜನ ಹೆಸರು ಕೇಳಿ ಹುಡುಕಿದಳು. ಆ ಹೆಸರಿನವರು ಯಾರೂ ಇಲ್ಲ ಎಂದು ಪರದೆ ಹೇಳಿತು. ಅಕ್ಷರ ಬದಲಿಸಿ ಹುಡುಕಿದಳು. ಇಲ್ಲ. ಅಜ್ಜನ ಮೊಬೈಲ್ ನಂಬರ್ ಹೇಳಿ ಎಂದಳು. ಡಾಕ್ಟರಮ್ಮ ಹೇಳುತ್ತ ಹೋದಂತೆ ಒತ್ತಿದಳು. ಪರದೆಯ ಮೇಲೆ ಅಜ್ಜಿಯ ಹೆಸರು ಬಂತು.

ಅವಳಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಅಜ್ಜನ ವಿವರ ಮೊದಲು ಬಂದಿದೆ. ಆಮೇಲೆ ಅದೇ ನಂಬರಿನಲ್ಲಿ ಅಜ್ಜಿಯದು ಬಂದಿದೆ. ಇದು ತಿದ್ದುಪಡಿ ಎಂದು ತಿಳಿದ ಡೇಟಾಬೇಸು ಅಜ್ಜನ ಜಾಗದಲ್ಲಿ ಅಜ್ಜಿಯನ್ನು ಕೂರಿಸಿದೆ. ಪ್ಲಾಸ್ಟರಿನಲ್ಲಿದ್ದಷ್ಟು ದಿನ ಇಬ್ಬರ ಅಚ್ಚೂ ಅವರವರ ಡಬ್ಬಿಯಲ್ಲೇ ಇದ್ದವು. ಆದರೆ ಪಾಲಿಶ್ ಆಗಿ ಹೊರಗೆ ಬಂದ ನಾಲ್ಕು ತುಂಡುಗಳಿಗೂ ಒಂದೇ ನಂಬರಿನ ಸ್ಟಿಕ್ಕರು. ಆ ನಂಬರಿಗೆ ಒಂದೇ ಸೆಟ್ಟು ಎಂದು ಪರದೆ ಹೇಳಿದ್ದರಿಂದ, ಪೊಟ್ಟಣ ಕಟ್ಟುವಾಕೆ ಕೈಗೆ ಸಿಕ್ಕ ಒಂದು ಮೇಲಿನದನ್ನೂ ಒಂದು ಕೆಳಗಿನದನ್ನೂ ಕಳಿಸಿಬಿಟ್ಟಿದ್ದಾಳೆ.

ಹತ್ತು ನಿಮಿಷ ಕೊಡಿ ಡಾಕ್ಟ್ರೇ ಎಂದು ಹೇಳಿ ಫೋನ್ ಇಟ್ಟಳು. ಅಜ್ಜ ಅಜ್ಜಿಗಿಂತ ದೊಡ್ಡದೊಂದು ಯೋಚನೆ ಅವಳನ್ನು ಹಿಡಿದಿತ್ತು. ಈ ಊರಿನಲ್ಲಿ ಒಂದೇ ಫೋನಿನಲ್ಲಿ ಬದುಕುವ ಗಂಡಹೆಂಡಿರು ಇವರಿಬ್ಬರೇ ಏನು? ಮಗನ ನಂಬರು ಕೊಟ್ಟ ತಾಯಂದಿರು, ಅಪ್ಪನ ನಂಬರು ಕೊಟ್ಟ ಮಕ್ಕಳು, ಅಣ್ಣತಮ್ಮಂದಿರು. ಎಷ್ಟು ಮಂದಿ ಹೀಗೆ ಅಳಿಸಿಹೋಗಿದ್ದಾರೋ, ಎಷ್ಟು ಬಾಯಲ್ಲಿ ಇನ್ನೊಬ್ಬರ ಹಲ್ಲು ಕೂತು ವಸಡು ಹುಣ್ಣಾಗುತ್ತಿದೆಯೋ. ನಂಬರೇ ಸಾಕು ಎಂದು ಹಟ ಹಿಡಿದವಳು ಅವಳೇ. ಎಂಜಿನಿಯರ್ ಬಾಯಿಬಿಟ್ಟು ಕೇಳಿದ್ದ.

ಮೇಷ್ಟ್ರು ಕಿಟಕಿಯ ಬಳಿ ಮೇಣ ಕೆತ್ತುತ್ತಿದ್ದರು. ಅವಳು ಹೋಗಿ ಎದುರಿಗೆ ನಿಂತು, ಒಂದನ್ನೂ ಮುಚ್ಚಿಡದೆ ಹೇಳಿದಳು. ಬೈಗುಳ ಬರುತ್ತದೆ, ಮೊದಲೇ ಹೇಳಿರಲಿಲ್ಲವೇ ಎಂಬ ಮಾತು ಬರುತ್ತದೆ ಎಂದು ಹಲ್ಲು ಕಚ್ಚಿಕೊಂಡು ಕಾದಳು. ಮೇಷ್ಟ್ರು ಕೆತ್ತುವ ಚಾಕುವನ್ನು ಒರೆಸಿ ಇಟ್ಟರು.

“ಅಲ್ಲಿ ಕಾಯ್ತಾ ಕೂತಿರೋರು ಮೊದಲು. ಉಳಿದದ್ದು ಆಮೇಲೆ. ಇನ್ನೆರಡು ತುಂಡು ಇಲ್ಲೇ ಎಲ್ಲೋ ಇರಬೇಕಲ್ಲ, ಹುಡುಕು.”

ಎಂಜಿನಿಯರ್ ಬಂದು ನೋಡಿ ಹೇಳುವವರೆಗೆ ಒಂದು ಪೊಟ್ಟಣವೂ ಬಾಗಿಲು ದಾಟಬಾರದು ಎಂದೂ ಎಲ್ಲರಿಗೆ ಕೇಳುವ ಹಾಗೆ ಹೇಳಿದರು. ಅಷ್ಟೆ. ಬೈಯಲಿಲ್ಲ.

ಪೊಟ್ಟಣ ಕಟ್ಟುವಾಕೆಗೆ ಆ ಪೊಟ್ಟಣದ ನೆನಪು ಚೆನ್ನಾಗಿತ್ತು. ಪರದೆಯಲ್ಲಿ ಇಲ್ಲದ ಎರಡು ತುಂಡು ಉಳಿದಿದ್ದವು, ಯಾರೋ ಕೇಳಿಕೊಂಡು ಬಂದಾರು ಎಂದು ಎತ್ತಿಟ್ಟಿದ್ದೆ ಎಂದಳು. ಎಲ್ಲಿ ಎತ್ತಿಟ್ಟದ್ದು ಎಂದು ಮಾತ್ರ ಹೊಳೆಯಲಿಲ್ಲ. ಮೂವರೂ ಕಪಾಟು ತಡಕಾಡಿದರು. ಕೊನೆಗೆ ನೀರು ಹಾಕಿಟ್ಟ ಗಾಜಿನ ಬಾಟಲಿಗಳ ಹಿಂದೆ, ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆ ಹತ್ತಿ ಸುತ್ತಿಕೊಂಡು ಅವು ತಣ್ಣಗೆ ಕೂತಿದ್ದವು. ಒಂದು ಮೇಲಿನದು, ಒಂದು ಕೆಳಗಿನದು. ಸೊಸೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಚ್ಚು ತೆಗೆದಿಟ್ಟಿದ್ದ ಡಬ್ಬಿಗಳನ್ನು ತಂದು ಮೇಷ್ಟ್ರು ಕೆಳಗಿನದನ್ನು ಎರಡರಲ್ಲಿ ಚಿಕ್ಕದಾಗಿದ್ದ ಅಜ್ಜಿಯ ಪ್ಲಾಸ್ಟರಿನ ಮೇಲಿಟ್ಟರು. ಟಕ್ಕೆಂದು ಕೂತಿತು. ಅವರು ಹೂಂ ಎಂದರು. ಮೂಗಿನ ಮೂಲಕ ಬಂದ ಆ ಒಂದು ಹೂಂಕಾರದಲ್ಲೇ ಸೊಸೆಯ ಅರ್ಧ ಭಾರ ಇಳಿಯಿತು. ಮತ್ತೆ ಅಚ್ಚು ತೆಗೆಯಬೇಕಿಲ್ಲ. ಅಜ್ಜಿ ಅಳಬೇಕಿಲ್ಲ.

ಟೇಬಲ್ ಸಾರ್‌ಗೆ ಫೋನ್ ಮಾಡಿದರೆ ಅವನು ಇನ್ನೂ ತಿಂಡಿ ತಿನ್ನುತ್ತಿದ್ದ. ಅವನು ಒಮ್ಮೆ ಕೂಡ ‘ನಾನು ಕೇಳಿದ್ದೆ’ ಎನ್ನಲಿಲ್ಲ. ಏನೂ ಅಳಿಸಿಹೋಗಿರುವುದಿಲ್ಲ ಮೇಡಂ, ಹಳೆಯದರ ಮೇಲೆ ಹೊಸದು ಬರೆದಾಗಲೆಲ್ಲ ಅದು ತನ್ನ ಪಾಡಿಗೆ ಟಿಪ್ಪಣಿ ಇಟ್ಟುಕೊಂಡಿರುತ್ತದೆ, ಯಾರ ಹೆಸರು ಯಾವಾಗ ಬದಲಾಯಿತು ಎಂದು ಕೇಳಿದರೆ ಹೇಳುತ್ತದೆ, ನಾನೇ ಬಂದು ಕೇಳುತ್ತೇನೆ ಎಂದ. ಎಷ್ಟು ಮಂದಿ ಇರಬಹುದು ಎಂದು ಅವಳು ಕೇಳಿದಳು. ನೋಡದೆ ಹೇಳಲಾರೆ ಎಂದ. ಪ್ರಾಮಾಣಿಕ ಉತ್ತರವೇ, ಆದರೆ ಅದನ್ನು ಕೇಳಿಸಿಕೊಂಡು ಬಸ್ಸು ಹತ್ತುವುದು ಸುಲಭವಿರಲಿಲ್ಲ.

ಮೇಷ್ಟ್ರೂ ಜೊತೆಗೆ ಬಂದರು. ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅವಳು ಎದುರು ಸೀಟಿನವರ ಬಾಯನ್ನೇ ನೋಡುತ್ತ ಕೂತಿದ್ದಳು. ಯಾರಾದರೂ ದವಡೆ ಉಜ್ಜಿಕೊಂಡರೆ ಬೆಚ್ಚುತ್ತಿದ್ದಳು. ಇವರೂ ನಮ್ಮಲ್ಲಿಯವರೇ ಇರಬಹುದೇ?

ಕ್ಲಿನಿಕ್ಕಿನ ಬೆಂಚಿನ ಮೇಲೆ ಅಜ್ಜ ಅಜ್ಜಿ ಅಕ್ಕಪಕ್ಕ ಕೂತಿದ್ದರು. ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದವರಂತೆ. ಈಗ ಕೈ ನಡುಗುತ್ತದೆ, ಕಿವಿಯೂ ಮಂದ. ಅಜ್ಜಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಟ್ಟವರು, ಪುಟ್ಟ ದೇಹ, ಚುರುಕು ಕಣ್ಣು, ಅತ್ತು ಕೆಂಪಾದ ಮೂಗು. ಹಲ್ಲಿಲ್ಲದ ಇಬ್ಬರ ಮುಖವೂ ದಾರ ಎಳೆದ ಸಂಚಿಯ ಹಾಗೆ ಒಳಗೆ ಸೇರಿಕೊಂಡಿತ್ತು. ಮೇಷ್ಟ್ರು ನೇರವಾಗಿ ಹೋಗಿ ಅವರೆದುರು ಕೈಮುಗಿದರು.

“ತಪ್ಪು ನಮ್ಮ ಲ್ಯಾಬಿನದು. ಅಜ್ಜನ ಕೆಳಗಿನ ಹಲ್ಲನ್ನ ಅಜ್ಜಿ ಪೊಟ್ಟಣಕ್ಕೆ ಹಾಕಿ ಅದಲುಬದಲು ಮಾಡಿಬಿಟ್ವಿ. ಅಚ್ಚು ಬೇಡ ಅಜ್ಜಿ, ಹಲ್ಲು ರೆಡಿ ಇದೆ.”

ಸೊಸೆ ಮಾವನ ಮುಖ ನೋಡಿದಳು. ಅವರು ಅವಳ ಕಡೆ ತಿರುಗಲೂ ಇಲ್ಲ. ನಮ್ಮ ಲ್ಯಾಬಿನದು ಎಂದಿದ್ದರು. ಸೊಸೆಯದು ಎಂದಿರಲಿಲ್ಲ, ಕಂಪ್ಯೂಟರಿನದು ಎಂದೂ ಇರಲಿಲ್ಲ.

ಡಾಕ್ಟರಮ್ಮ ಮೊದಲು ಅಜ್ಜಿಯನ್ನು ಒಳಗೆ ಕರೆದರು. ಬಾಗಿಲು ಅರ್ಧ ತೆರೆದೇ ಇತ್ತು. ಕಚ್ಚಿ, ಬಿಡಿ, ಇನ್ನೊಮ್ಮೆ ಕಚ್ಚಿ ಎನ್ನುವ ದನಿ ಕೇಳುತ್ತಿತ್ತು. ಹೊರಗೆ ಬಂದ ಅಜ್ಜಿ ಬೇರೆಯೇ ಒಬ್ಬರು. ಕೆನ್ನೆ ತುಂಬಿಕೊಂಡು ತುಟಿ ಮುಂದೆ ಬಂದು ಹತ್ತು ವರ್ಷ ಹಿಂದಕ್ಕೆ ಹೋಗಿದ್ದರು. ಅಜ್ಜ ಕತ್ತು ವಾಲಿಸಿ ಅವರನ್ನೇ ನೋಡಿದರು. ತಮ್ಮ ಸರದಿ ಮುಗಿಸಿ ಬಂದವರೇ ಜೇಬಿನಿಂದ ಹುರಿದ ಕಡಲೆಯ ಪೊಟ್ಟಣ ತೆಗೆದರು.

“ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ. ಎರಡೂ ಒಂದೇ ದಿನ ಇರ್ಲಿ ಅಂತ ಮನೆಯಿಂದ್ಲೇ ತಂದೆ,” ಎಂದರು.

ಡಾಕ್ಟರಮ್ಮ ಪೊಟ್ಟಣವನ್ನು ಕಸಿದುಕೊಂಡಂತೆ ತೆಗೆದುಕೊಂಡು ತಮ್ಮ ಡ್ರಾಯರಿಗೆ ಹಾಕಿದರು. ಮೊದಲ ವಾರ ಮೆತ್ತಗಿನದ್ದೇ ತಿನ್ನಬೇಕು, ಇದನ್ನು ಮುಂದಿನ ವಾರ ಬಂದು ತೆಗೆದುಕೊಂಡು ಹೋಗಿ ಎಂದರು. ಅಜ್ಜಿ ನಗಲು ಹೋಗಿ, ಹೊಸ ಹಲ್ಲು ಬಿದ್ದೀತೆಂದು ಕೈಯಿಂದ ಬಾಯಿ ಮುಚ್ಚಿಕೊಂಡರು. ಬೀಳಲಿಲ್ಲ.

ಸೊಸೆ ಅಜ್ಜಿಯ ಪಕ್ಕ ಕೂತು, ನಿಮ್ಮದೇ ಒಂದು ನಂಬರ್ ಇದ್ದರೆ ಕೊಡಿ ಎಂದು ಕೇಳಿದಳು. ಆ ನಂಬರ್ ನಂದೇ ಕಣಮ್ಮ, ಇವರಿಗೆ ಕಿವಿ ಕೇಳಲ್ಲ, ಇವರಿಗ್ಯಾಕೆ ಫೋನು ಎಂದರು ಅಜ್ಜಿ. ಇನ್ನೊಂದು ತೆಗೆದುಕೊಳ್ಳಬಹುದಲ್ಲ ಎಂದದ್ದಕ್ಕೆ, ಇವರನ್ನು ಕೇಳಿಕೊಂಡು ಫೋನ್ ಮಾಡುವವರೆಲ್ಲ ಕೊನೆಗೆ ನನ್ನ ಹತ್ತಿರವೇ ಮಾತಾಡಬೇಕು, ಸುಮ್ಮನೆ ಎರಡೇಕೆ ಎಂದು ಉತ್ತರ ಬಂತು. ಡೇಟಾಬೇಸ್ ಎಷ್ಟೇ ಜಾಣವಾಗಿದ್ದರೂ ಈ ಸಂಸಾರಕ್ಕೆ ನಿಯಮ ಹೇಳುವಂತಿರಲಿಲ್ಲ. ನಿಯಮವನ್ನೇ ಬದಲಿಸಬೇಕಿತ್ತು.

ಟೇಬಲ್ ಸಾರ್‌ನ ಫೋನ್ ಬಂದಾಗ ಮಾವ ಸೊಸೆ ಇಬ್ಬರೂ ಬಸ್ ಸ್ಟಾಪಿನಲ್ಲಿದ್ದರು. ಅವಳು ಒಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡಳು. ಹೆಸರು ಬದಲಾದ ನಂಬರುಗಳು ಬಹಳಷ್ಟಿವೆ ಎಂದು ಅವನು ಶುರುಮಾಡಿದಾಗ ಜೀವ ಬಾಯಿಗೆ ಬಂತು. ಆದರೆ ಅವನು ಮುಂದುವರಿಸಿದ. ಬಹುಪಾಲು ಒಬ್ಬರೇ ಮನುಷ್ಯರು. ಕ್ಲಿನಿಕ್ಕಿನವರು ಮೊದಲು ತಪ್ಪಾಗಿ ಬರೆದ ಹೆಸರನ್ನು ಆಮೇಲೆ ಸರಿ ಮಾಡಿದ್ದಾರೆ. ನಿಜವಾಗಿ ಇಬ್ಬರು ಒಂದಾದದ್ದು ಬೆರಳಲ್ಲಿ ಎಣಿಸುವಷ್ಟು. ಒಬ್ಬೊಬ್ಬರ ಕೆಲಸವೂ ಎಲ್ಲಿದೆ ಎಂದು ಲ್ಯಾಬಿನ ಕೋಣೆ ಕೋಣೆಗೆ ಹೋಗಿ ಕಣ್ಣಾರೆ ನೋಡಿ ಬಂದಿದ್ದ. ಎಲ್ಲವೂ ಇನ್ನೂ ಪ್ಲಾಸ್ಟರಿನಲ್ಲಿ, ಮೇಣದಲ್ಲಿ ಇದ್ದವು. ಅವರವರ ಡಬ್ಬಿಯಲ್ಲೇ ಇದ್ದವು.

“ಹೊರಗೆ ಹೋಗಿದ್ದು?” ಎಂದಳು.

“ಇವತ್ತಿಂದು ಒಂದೇ, ಮೇಡಂ. ಬೇರೆ ಯಾರಿಗೂ ತಪ್ಪು ಹಲ್ಲು ಹೋಗಿಲ್ಲ.”

ಅವಳು ಫೋನ್ ಕೆಳಗಿಳಿಸಿ ಮಾವನಿಗೆ ಹೇಳಲು ಬಾಯಿ ತೆರೆದಳು. ಮಾತಿಗೆ ಬದಲಾಗಿ ಅಳು ಬಂತು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಮೇಷ್ಟ್ರು ಗಾಬರಿಯಾಗಿ, ಎಷ್ಟು ಮಂದಿಯಮ್ಮಾ ಎಂದು ಮೆಲ್ಲಗೆ ಕೇಳಿದರು. ಅವಳು ತಲೆಯಾಡಿಸಿ, ಯಾರೂ ಇಲ್ಲ ಮಾವ, ಯಾರೂ ಇಲ್ಲ ಎಂದಳು. ಮೇಷ್ಟ್ರು ಕಂಬಕ್ಕೆ ಒರಗಿ ನಿಂತು ದೊಡ್ಡದೊಂದು ಉಸಿರು ಬಿಟ್ಟರು. ಅವರಿಗೂ ಅಷ್ಟೇ ಭಯವಿತ್ತೆಂದು ಅವಳಿಗೆ ಆಗ ಗೊತ್ತಾಯಿತು. ಬೆಳಗಿನಿಂದ ತೋರಿಸಿರಲಿಲ್ಲ ಅಷ್ಟೆ.

“ಚೀಟಿ ಕಾಲದಲ್ಲಿ ಇಂಥದ್ದು ಆಗಿದ್ರೆ ಎಲ್ಲೆಲ್ಲಿ ಆಗಿದೆ ಅಂತ ಯಾರನ್ನ ಕೇಳ್ಬೇಕಿತ್ತು?” ಎಂದರು ಮೇಷ್ಟ್ರು. “ಊರವರ ಬಾಯೆಲ್ಲ ತೆಗೆಸಿ ನೋಡ್ಬೇಕಾಗ್ತಿತ್ತು.”

ಅಳುತ್ತಿದ್ದವಳಿಗೆ ನಗು ಬಂದು ಬಿಕ್ಕಳಿಕೆ ಹತ್ತಿತು. ಬಸ್ಸಿನಲ್ಲಿ ಎದುರು ಸೀಟಿನ ದಪ್ಪ ಮನುಷ್ಯ ಇಡೀ ದಾರಿ ಆಕಳಿಸುತ್ತ ಬಾಯಿ ತೆರೆಯುತ್ತಲೇ ಇದ್ದ. ಸೊಸೆ ಅತ್ತ ಕಣ್ಣು ಹಾಯಿಸಲೇ ಇಲ್ಲ.

ಲ್ಯಾಬಿಗೆ ಬಂದಾಗ ಟೇಬಲ್ ಸಾರ್ ಪರದೆಯ ಮೇಲೆ ಅಜ್ಜನನ್ನು ಮತ್ತೆ ಅವರದೇ ಸಾಲಿನಲ್ಲಿ ಕೂರಿಸಿದ್ದ. ಅಜ್ಜಿ ಕೆಳಗಿನ ಸಾಲಿನಲ್ಲಿದ್ದರು. ಇಬ್ಬರಿಗೂ ಲ್ಯಾಬಿನದೇ ಬೇರೆ ಬೇರೆ ನಂಬರು, ಫೋನ್ ನಂಬರು ಮಾತ್ರ ಒಂದೇ. ಇನ್ನು ಮೇಲೆ ಒಂದು ಫೋನಿನಲ್ಲಿ ಎಷ್ಟು ಮಂದಿ ಇದ್ದರೂ ಅಡ್ಡಿಯಿಲ್ಲ ಎಂದ. ಒಂದೇ ಕೆಲಸ ಎರಡು ಸಲ ಬಂದರೆ ತಾನಾಗಿ ಒಂದರ ಮೇಲೊಂದು ಕೂರಿಸದೆ, ಇದು ಅದೇಯೋ ಬೇರೆಯೋ ಎಂದು ನಿಮ್ಮನ್ನು ಕೇಳುತ್ತದೆ ಎಂದ. ಮೇಷ್ಟ್ರು ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ಅಜ್ಜನ ಹೆಸರನ್ನು ಓದಿದರು. ಹಲ್ಲಿನ ಬಣ್ಣ ಸರಿಯಾಗಿ ಬರೆದಿದೆಯೇ ಎಂದು ಕೇಳಿದರು. ಸರಿಯಾಗಿಯೇ ಬರೆದಿತ್ತು. ನಿಲ್ಲಿಸಿದ್ದ ಪೊಟ್ಟಣಗಳು ಒಂದೊಂದಾಗಿ ಬಾಗಿಲು ದಾಟತೊಡಗಿದವು.

ಬೆಳಗಿನಿಂದ ಯಾರೂ ಊಟದ ಡಬ್ಬಿ ತೆರೆದಿರಲಿಲ್ಲ. ಎಲ್ಲರೂ ಪ್ಲಾಸ್ಟರ್ ಮೇಜನ್ನು ಒರೆಸಿಕೊಂಡು ಒಟ್ಟಿಗೇ ಕೂತರು. ಟೇಬಲ್ ಸಾರ್‌ಗೂ ಒಂದೊಂದು ಡಬ್ಬಿಯಿಂದ ಒಂದೊಂದು ತುತ್ತು ಹೋಯಿತು. ಪೊಟ್ಟಣ ಕಟ್ಟುವಾಕೆ ಬೆಳಗಿನ ಹುಡುಕಾಟದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದಳು. ಸೊಸೆ ಎರಡು ಆಳಿನ ಊಟ ಮಾಡಿದಳು. ಉಂಡು ಮುಗಿಸಿ, ಮೂಲೆಯಲ್ಲಿ ಪೇರಿಸಿಟ್ಟಿದ್ದ ಪ್ಲಾಸ್ಟರ್ ಚೀಲಗಳಿಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚುತ್ತೇನೆ ಎಂದವಳು ಹಾಗೇ ನಿದ್ದೆ ಹೋದಳು. ಸೆರಗಿಗೆಲ್ಲ ಬಿಳಿ ಪುಡಿ ಮೆತ್ತಿಕೊಂಡಿತು.

ಪಾಲಿಶ್ ಮಾಡುವವನು ಮೋಟರಿನ ಸ್ವಿಚ್ಚಿಗೆ ಕೈ ಹಾಕಿದಾಗ ಮೇಷ್ಟ್ರು ಬೆರಳೆತ್ತಿ ಬೇಡ ಎಂದು ಸನ್ನೆ ಮಾಡಿದರು. ಮೇಜಿನ ಮೇಲೆ ಅವಳ ಫೋನ್ ರಿಂಗಾಯಿತು. ದೂರದ ಊರಿನಿಂದ ಅವಳ ಗಂಡ, ಬೆಳಗಿನ ವಿಷಯ ಅವನಿಗೂ ತಿಳಿದಿತ್ತು. ಮೇಷ್ಟ್ರು ಅದನ್ನು ಎತ್ತಿಕೊಂಡು ಮೆಟ್ಟಿಲ ಕಡೆ ನಡೆದರು.

“ಎಲ್ಲಾ ಸರಿಹೋಯ್ತು, ರಾತ್ರಿ ಅವಳೇ ಹೇಳ್ತಾಳೆ. ಈಗ ಮಲಗಿದ್ದಾಳೆ, ಫೋನ್ ಮಾಡ್ಬೇಡ,” ಎಂದು ಪಿಸುಗುಟ್ಟಿ ಇಟ್ಟರು.